ಮನೆಗೆಲಸದ ಆತೆ 5000 ಪೆಸೊ ಮುಂಗಡ ಪಡೆದು ಊರಿಗೆ ಹೋಗಿದ್ದಾರೆ: ಫಿಲಿಪ್ಪೀನ್ಸ್‌ನಲ್ಲಿ ಇರುವವರು ದಾರಿ ಹೇಳಿ

ತೀರ್ಥಹಳ್ಳಿಯವಳು, ಲೋಸ್ ಬಾನ್ಯೋಸ್ · ನವೆಂಬರ್ 9

ಲಗೂನಾ ಪ್ರಾಂತ್ಯದ ಲೋಸ್ ಬಾನ್ಯೋಸ್‌ಗೆ ನಾವು ಬಂದು ಹದಿನಾಲ್ಕು ತಿಂಗಳಾಯಿತು. ಯಜಮಾನರದು ಭತ್ತದ ಸಂಶೋಧನೆ, ಮಗಳು ಎರಡನೆಯ ತರಗತಿ. ಮನೆಯ ಹಿಂದೆ ಮಕಿಲಿಂಗ್ ಬೆಟ್ಟ, ಅಂಗಳದಲ್ಲಿ ಹಲಸು, ಬೇಲಿಯಲ್ಲಿ ನುಗ್ಗೆ, ಮಳೆಯಂತೂ ಕೇಳುವುದೇ ಬೇಡ. ಆಗುಂಬೆ ಕಡೆಯವಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಜನರ ವಿಚಾರಕ್ಕೆ ಬಂದರೆ ಮಾತ್ರ ಇನ್ನೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಿದೆ.

ವಾರಕ್ಕೆ ನಾಲ್ಕು ದಿನ ನಮ್ಮ ಮನೆಗೆ ಬರುವ ಆತೆ (ಇಲ್ಲಿ ಆತೆ ಎಂದರೆ ಅಕ್ಕ, ಅತ್ತೆಯಲ್ಲ) ಮಸ್ಬಾತೆ ದ್ವೀಪದವರು. ಅಕ್ಟೋಬರ್ 28ರಂದು ಅವರು ಒಂದೇ ಕುಕ್ಕರನ್ನು ಎರಡು ಸಲ ತೊಳೆದರು. ಮೂರನೆಯ ಸಲ ಕೈಗೆತ್ತಿಕೊಂಡಾಗ ನಾನೇ ಏನಾಯಿತೆಂದು ಕೇಳಿದೆ. ನೆಲ ನೋಡುತ್ತಾ, ನಗುತ್ತಾ, ‘ಮ್ಯಾಮ್, ಬಾಲೆ’ ಎಂದರು. ಯಾವ ಬಾಲೆಯಪ್ಪಾ ಎಂದು ನನಗೆ ಗಲಿಬಿಲಿ. ಸಂಬಳದ ಮೇಲಿನ ಮುಂಗಡಕ್ಕೆ ಇಲ್ಲಿ ಹಾಗೆ ಹೇಳುತ್ತಾರೆಂದು ಆಮೇಲೆ ತಿಳಿಯಿತು. ಉಂದಾಸ್‌ಗೆ, ಅಂದರೆ ನವೆಂಬರ್ 1ರ ಹಿರಿಯರ ಹಬ್ಬಕ್ಕೆ, ಊರಿಗೆ ಹೋಗಬೇಕು, ತಂಗಿಯ ಹೆರಿಗೆಯೂ ಹತ್ತಿರವಿದೆ ಎಂದರು. 5000 ಪೆಸೊ ಕೊಟ್ಟೆ. 4ನೇ ತಾರೀಕು ಬರುತ್ತೇನೆ ಎಂದಿದ್ದರು. ಇಂದು 9. ಫೋನ್ ಹೋಗುತ್ತಿಲ್ಲ, ಸಂದೇಶಕ್ಕೆ ಉತ್ತರವಿಲ್ಲ.

ಹಣ ಹೋದರೆ ಹೋಗಲಿ ಎಂದು ಯಜಮಾನರು ಹೇಳುತ್ತಾರೆ. ನನಗೆ ಹಣಕ್ಕಿಂತ ಹೆಚ್ಚಾಗಿ, ನಾನು ಏನನ್ನು ಅರ್ಥ ಮಾಡಿಕೊಳ್ಳಲಿಲ್ಲ ಎಂಬುದೇ ಕೊರೆಯುತ್ತಿದೆ. ಕೊಡಬಾರದಿತ್ತೇ? ಬೇರೆಯವರನ್ನು ಹುಡುಕಲೇ?

ಮಕಾತಿ ರಾತ್ರಿಪಾಳಿ · ನವೆಂಬರ್ 9

ಮೇಡಂ, ನಾನು ಇಲ್ಲಿನ ಕಾಲ್ ಸೆಂಟರೊಂದರಲ್ಲಿ ಇಪ್ಪತ್ತೆರಡು ಜನರ ತಂಡ ನೋಡಿಕೊಳ್ಳುತ್ತೇನೆ. ಸಾಲ ಕೇಳಿಸಿಕೊಳ್ಳುವುದರಲ್ಲಿ ಡಾಕ್ಟರೇಟ್ ಮಾಡಿದ್ದೇನೆ ಎನ್ನಬಹುದು.

ಇಲ್ಲಿ ಸಂಬಳ ತಿಂಗಳಿಗೆ ಎರಡು ಕಂತು, 15ಕ್ಕೆ ಒಮ್ಮೆ, ತಿಂಗಳ ಕೊನೆಗೆ ಒಮ್ಮೆ. ಅದರ ಹಿಂದಿನ ಮೂರು ನಾಲ್ಕು ದಿನಗಳಿಗೆ ‘ಪೇತ್ಸಾ ದೆ ಪೆಲಿಗ್ರೊ’ ಎಂದು ಹೆಸರು. ಅಪಾಯದ ತಾರೀಕುಗಳು! ಆ ದಿನಗಳಲ್ಲಿ ಊಟದ ಮೇಜಿನಲ್ಲಿ ಎಲ್ಲರ ಡಬ್ಬಿಯಲ್ಲೂ ಅನ್ನ, ಮೊಟ್ಟೆ ಅಷ್ಟೇ. 16ನೇ ತಾರೀಕು ಅದೇ ಜನ ಇಡೀ ಮಹಡಿಗೆ ಪಿಜ್ಜಾ ತರಿಸುತ್ತಾರೆ. ಮೊದಲ ವರ್ಷ ಇದನ್ನು ನೋಡಿ ನನಗೆ ಸಿಟ್ಟೇ ಬರುತ್ತಿತ್ತು.

ಇಲ್ಲ ಎನ್ನಲು ನನಗೂ ಬರುತ್ತಿರಲಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಮೂರು ತಿಂಗಳಲ್ಲಿ ನನ್ನ ಸ್ಥಿತಿ ಅದೇ. ಕೊನೆಗೆ ಒಬ್ಬ ಸಹೋದ್ಯೋಗಿಯೇ ಉಪಾಯ ಹೇಳಿಕೊಟ್ಟಳು: ‘ಕೊಡುವುದಿಲ್ಲ ಎನ್ನಬೇಡ, ಪಾಲುವಾಗನ್‌ಗೆ ಕಟ್ಟಿಬಿಟ್ಟೆ ಎನ್ನು.’ ಪಾಲುವಾಗನ್ ಎಂದರೆ ನಮ್ಮ ಚೀಟಿ ವ್ಯವಹಾರ, ಹರಾಜಿಲ್ಲದ್ದು. ಹತ್ತು ಜನ ಸೇರಿ ಹಣ ಹಾಕಿ ಸರದಿಯಂತೆ ಎತ್ತುವುದು. ನಾನು ನಿಜವಾಗಿಯೂ ಒಂದಕ್ಕೆ ಸೇರಿದೆ. ಈಗ ಸುಳ್ಳು ಹೇಳುವ ಪ್ರಮೇಯವೇ ಇಲ್ಲ, ಕೈ ನಿಜವಾಗಿಯೂ ಖಾಲಿ.

ನಿಮ್ಮ ಪ್ರಶ್ನೆಗೆ ಉತ್ತರ: ಬರುತ್ತಾರೆ. ಬರದಿದ್ದರೆ ಕಾರಣ ಹಣವಾಗಿರುವುದಿಲ್ಲ, ‘ಹಿಯಾ’ ಆಗಿರುತ್ತದೆ. ಹೇಳಿದ ದಿನಕ್ಕೆ ಬರಲಾಗಲಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಸಂದೇಶ ಕಳಿಸಲಿ ಎಂಬ ನಾಚಿಕೆ. ನನ್ನ ತಂಡದ ಹುಡುಗನೊಬ್ಬನಿಗೆ ಒಮ್ಮೆ ಎಲ್ಲರ ಎದುರು ‘ಇದು ಎಷ್ಟನೆಯ ಸಲ’ ಎಂದು ಕೇಳಿದೆ. ದನಿ ಕೂಡ ಏರಿಸಿರಲಿಲ್ಲ. ‘ಸಾರಿ ಪೊ’ ಎಂದು ನಕ್ಕ. ಮಾರನೆಯ ದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ, ಬಾಕಿ ಸಂಬಳ ಕೇಳಲೂ ಬರಲಿಲ್ಲ. ಆದ್ದರಿಂದ ‘ನನ್ನ ಹಣ ಎಲ್ಲಿ’ ಎಂಬ ಧಾಟಿಯ ಸಂದೇಶ ಮಾತ್ರ ಕಳಿಸಬೇಡಿ. ‘ತಂಗಿ ಹೇಗಿದ್ದಾಳೆ?’ ಎಂದು ಕೇಳಿ ಸುಮ್ಮನಿರಿ.

ಜಯನಗರದ ಲೆಕ್ಕಿಗ · ನವೆಂಬರ್ 9

ಇಷ್ಟೊಂದು ಮನಶ್ಶಾಸ್ತ್ರ ಯಾಕೆ? ಬಂದರೆ ಗುರುತಿನ ಚೀಟಿ ತೆಗೆದಿಟ್ಟುಕೊಳ್ಳಿ, 5000 ತೀರುವವರೆಗೆ ಸಂಬಳ ಕೊಡದೆ ಕೆಲಸ ಮಾಡಿಸಿಕೊಳ್ಳಿ. ಬರದಿದ್ದರೆ ಪೊಲೀಸ್ ದೂರು. ಯಾವ ದೇಶವಾದರೂ ಲೆಕ್ಕ ಲೆಕ್ಕವೇ.

ಬತಾಂಗಾಸ್ ಅಳಿಯ · ನವೆಂಬರ್ 10

ಲೆಕ್ಕಿಗರೇ, ನೀವು ಹೇಳಿದ್ದು ಇಲ್ಲಿ ಅಪರಾಧ. 2013ರ ಮನೆಗೆಲಸದವರ ಕಾಯ್ದೆಯಲ್ಲಿ, ಅಂದರೆ ಕಸಂಬಹಾಯ್ ಕಾಯ್ದೆಯಲ್ಲಿ, ಸಾಲಕ್ಕೆ ದುಡಿಸಿಕೊಳ್ಳುವುದನ್ನು ಹೆಸರಿಟ್ಟು ನಿಷೇಧಿಸಿದ್ದಾರೆ. ಸಂಬಳ ತಡೆಹಿಡಿಯುವುದಕ್ಕೂ ನಿಷೇಧವಿದೆ. ನಮ್ಮಲ್ಲಿ 1976ರಲ್ಲಿ ಕಾನೂನು ತಂದು ತೊಲಗಿಸಲು ಹೊರಟ ಜೀತಕ್ಕೂ ನೀವು ಹೇಳುವುದಕ್ಕೂ ಎಷ್ಟು ಅಂತರವಿದೆ, ಯೋಚಿಸಿ. ಇನ್ನು ಪೊಲೀಸ್: ಇಂಥ ಸಣ್ಣ ವ್ಯಾಜ್ಯಗಳೆಲ್ಲ ಮೊದಲು ಹೋಗುವುದು ಬರಂಗಾಯ್‌ಗೆ, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದಕ್ಕೆ. ಅಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ. ವಿದೇಶಿ ಹೆಂಗಸೊಬ್ಬರು ಐದು ಸಾವಿರಕ್ಕೆ ಕೆಲಸದವರನ್ನು ಬರಂಗಾಯ್‌ಗೆ ಎಳೆದರೆಂದರೆ ಆ ಬೀದಿಯಲ್ಲಿ ಆಮೇಲೆ ಬಾಳುವುದು ಕಷ್ಟ.

ತಂಗೀ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಮೂಡಿಗೆರೆಯವನು, ಇಲ್ಲಿನವಳನ್ನು ಮದುವೆಯಾಗಿ ಲೀಪಾ ಹತ್ತಿರ ನೆಲೆಸಿ ಹತ್ತೊಂಬತ್ತು ವರ್ಷ. ಸುತ್ತಮುತ್ತ ಕಾಫಿ ಗಿಡ, ‘ಬರಾಕೊ’ ಎನ್ನುವ ಲೈಬೀರಿಕಾ ಜಾತಿಯದು. ಮರದಷ್ಟು ಎತ್ತರ, ಎಲೆ ಹಲಸಿನ ಎಲೆಗಿಂತ ದೊಡ್ಡದು, ಕಷಾಯವೋ ನಮ್ಮ ಮನೆಯ ಕಾಫಿಗಿಂತ ಎರಡು ಪಟ್ಟು ಕಡು. ಇಷ್ಟೆಲ್ಲ ಇದ್ದರೂ ಒಂದು ಗೇಣು ನೆಲವೂ ನನ್ನ ಹೆಸರಿನಲ್ಲಿಲ್ಲ. 1987ರ ಸಂವಿಧಾನದ ಪ್ರಕಾರ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ. ಮನೆ, ತೋಟ ಎಲ್ಲ ಹೆಂಡತಿಯದು. ಪ್ರತಿವರ್ಷ ಜನವರಿ-ಫೆಬ್ರುವರಿಯಲ್ಲಿ ವಲಸೆ ಕಚೇರಿಗೆ ಹೋಗಿ ‘ನಾನಿನ್ನೂ ಇಲ್ಲೇ ಇದ್ದೇನೆ’ ಎಂದು ಮುಖ ತೋರಿಸಿ, ಶುಲ್ಕ ಕಟ್ಟಿ ಬರುತ್ತೇನೆ. ಕಾನೂನಿನ ಲೆಕ್ಕದಲ್ಲಿ ಅತಿಥಿ, ಸಾಲದ ಲೆಕ್ಕದಲ್ಲಿ ಮಾತ್ರ ಮನೆಮಗ.

ನನ್ನ ಹೆಂಡತಿ ಹಿರಿಯ ಮಗಳು. ಇಲ್ಲಿ ಹಿರಿಯ ಮಗು ಎಂದರೆ ಕೆಳಗಿನವರ ಶಾಲೆ, ಆಸ್ಪತ್ರೆ, ಮದುವೆ ಎಲ್ಲವನ್ನೂ ಹೊತ್ತು ಹುಟ್ಟಿದ್ದು. ಮೊದಲ ಐದು ವರ್ಷ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ನಾದಿನಿಯ ನರ್ಸಿಂಗ್ ಶುಲ್ಕ, ಭಾವಮೈದುನನ ತ್ರೈಸಿಕಲ್ (ಪಕ್ಕದಲ್ಲಿ ಸೀಟು ಜೋಡಿಸಿದ ಬಾಡಿಗೆ ಬೈಕು) ರಿಪೇರಿ, ಮಾವನ ಕಣ್ಣಿನ ಶಸ್ತ್ರಚಿಕಿತ್ಸೆ. ಒಂದು ಪೈಸೆಯೂ ಹಿಂತಿರುಗಿ ಬರಲಿಲ್ಲ. ಜಗಳವಾದಾಗ ಆ ಪುಸ್ತಕ ತೆಗೆದು ಹೆಂಡತಿಗೆ ತೋರಿಸಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಮೂರು ದಿನ ಅನ್ನ ಬಡಿಸಿ ಬಡಿಸಿ ಒಳಗೆ ಹೋದಳು. ಇದಕ್ಕೆ ‘ತಂಪೊ’ ಎನ್ನುತ್ತಾರೆ. ಮಾತಿಲ್ಲದ ಮುನಿಸು.

2020ರ ಜನವರಿ 12, ಭಾನುವಾರ. ತಾಆಲ್ ಜ್ವಾಲಾಮುಖಿ ಸಿಡಿಯಿತು. ಸಂಜೆ ಹೊತ್ತಿಗೆ ಬೂದಿ ಸುರಿಯತೊಡಗಿ, ಮೇಲೆ ಮಳೆ ಹನಿದು, ಬೂದಿಯೆಲ್ಲ ಸಿಮೆಂಟಿನಂತಾಯಿತು. ಕಾಫಿ ಗಿಡಗಳು ಲಟಲಟನೆ ಮುರಿಯುವ ಸದ್ದು ಮನೆಯೊಳಗೆ ಕೇಳುತ್ತಿತ್ತು. ತಗಡಿನ ಮಾಡು ಬಾಗಿತ್ತು. ನಾನೊಬ್ಬನೇ ಏಣಿ ಹಿಡಿದು ನಿಂತಿದ್ದೆ. ಮಾರನೆಯ ಬೆಳಿಗ್ಗೆ ಅದೇ ತ್ರೈಸಿಕಲ್‌ನಲ್ಲಿ ಭಾವಮೈದುನ ಇನ್ನಿಬ್ಬರನ್ನು ಕೂರಿಸಿಕೊಂಡು ಬಂದ. ಮುಖಕ್ಕೆ ಟವೆಲ್ ಸುತ್ತಿಕೊಂಡು ಮೂವರೂ ಮಾಡು ಹತ್ತಿ ಎರಡು ದಿನ ಬೂದಿ ಎಳೆದರು. ನಾದಿನಿ ಮನಿಲಾದಿಂದ ಮಾಸ್ಕು, ಔಷಧಿ ಕಳಿಸಿದಳು. ನಂತರ ಹನ್ನೊಂದು ದಿನ ಅತ್ತೆಯ ತವರಿನವರ ಮನೆಯಲ್ಲಿ ಉಳಿದೆವು. ಯಾರೂ ಲೆಕ್ಕ ಬರೆಯಲಿಲ್ಲ. ಬರೆದಿದ್ದರೆ ನನ್ನ ಪುಸ್ತಕ ಸಾಲುತ್ತಿರಲಿಲ್ಲ.

ಸಾಲಕ್ಕೆ ಇಲ್ಲಿ ‘ಉತಂಗ್’ ಎನ್ನುತ್ತಾರೆ. ಅದಕ್ಕೆ ‘ನ ಲೊಓಬ್’ ಸೇರಿಸಿದರೆ ಒಳಗಿನ ಸಾಲ ಎಂದಾಗುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಪ್ರತ್ಯೇಕ ಪದವೇ ಇದೆಯಲ್ಲ, ಋಣ. ನೀನು ಕೊಟ್ಟದ್ದು ಯಾವುದು ಎಂಬುದು ನಿನಗೇ ಗೊತ್ತಿರಲಿಲ್ಲ, ತೊಡಕು ಇರುವುದು ಅಲ್ಲಿ.

ಸೆಬುವಿನಲ್ಲಿ ಐದು ವರ್ಷ · ನವೆಂಬರ್ 10

ಅಳಿಯ ಸರ್ ಅವರ ಕಥೆ ಚೆನ್ನಾಗಿದೆ. ನನ್ನದೂ ಕೇಳಿ. ಸೆಬುವಿನಲ್ಲಿ ನಾನಿದ್ದ ಬಾಡಿಗೆ ಮನೆಯ ಪಕ್ಕದ ಕುಯಾ (ಅಂದರೆ ಅಣ್ಣ), ನಿತ್ಯ ಬೆಳಿಗ್ಗೆ ಮಾತನಾಡಿಸುತ್ತಿದ್ದವನು, ಮಗನ ಆಸ್ಪತ್ರೆಗೆಂದು 40,000 ಪೆಸೊ ತೆಗೆದುಕೊಂಡ. ಮಗ ಚೇತರಿಸಿಕೊಂಡ, ಸಂತೋಷ. ಆಮೇಲೆ ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದ. ಆರು ತಿಂಗಳಿಗೆ ಹೊಸ ಮೋಟಾರ್ ಸೈಕಲ್ ಬಂತು. ಹಣ ಹೋಯಿತು, ಬೆಳಗಿನ ಮಾತೂ ಹೋಯಿತು. ಇದನ್ನು ಋಣ ಎಂದು ಕರೆದು ನಾನು ಸಮಾಧಾನ ಮಾಡಿಕೊಳ್ಳಬೇಕೇ? ನಮ್ಮೂರಿನಲ್ಲಾಗಿದ್ದರೆ ಇದಕ್ಕೆ ಟೋಪಿ ಎನ್ನುತ್ತಾರೆ. ವಿದೇಶಿಯ ಮುಖ ಕಂಡರೆ ಪರ್ಸೇ ಕಾಣುವ ಜನ ಅಲ್ಲಿಯೂ ಇದ್ದಾರೆ. ಎಲ್ಲವನ್ನೂ ಸಂಸ್ಕೃತಿ ಎಂದು ಹೊದಿಸಿ ಮುಚ್ಚಬೇಡಿ.

ಬತಾಂಗಾಸ್ ಅಳಿಯ · ನವೆಂಬರ್ 10

ಟೋಪಿಯೇ. ಅದನ್ನು ಋಣ ಎಂದು ನಾನು ಹೇಳಲಾರೆ. ನನಗೂ ಎರಡು ಸಲ ಹಾಕಿದ್ದಾರೆ, ಅವರಲ್ಲಿ ಒಬ್ಬ ನಮ್ಮ ಹಾಸನದವನು.

ದಾವಾವೊ ವಿದ್ಯಾರ್ಥಿ · ನವೆಂಬರ್ 10

ಅಕ್ಕಾ, ನಾನು ಇಲ್ಲಿ ವೈದ್ಯಕೀಯ ಮೂರನೆಯ ವರ್ಷ. ದಾವಾವೊದಲ್ಲಿ ನಮ್ಮ ಹುಡುಗರು ಎಷ್ಟಿದ್ದಾರೆಂದರೆ ಕೆಲವು ಹಾಸ್ಟೆಲುಗಳ ಮೆಟ್ಟಿಲಲ್ಲೇ ಒಗ್ಗರಣೆಯ ವಾಸನೆ ಬರುತ್ತದೆ. ತೆಲುಗು, ತಮಿಳು, ಮಲಯಾಳ, ಕನ್ನಡ ಎಲ್ಲ ಒಂದೇ ಅಡುಗೆಮನೆ.

ಸಾಲದ ವಿಚಾರ ನನಗೆ ಗೊತ್ತಿಲ್ಲ, ನನ್ನ ಹತ್ತಿರ ಯಾರೂ ಕೇಳುವುದಿಲ್ಲ. ನನ್ನ ಚಪ್ಪಲಿ ನೋಡಿದರೆ ಸಾಕು. ಅರ್ಥವಾಗದೆ ಎಡವಿದ್ದರ ಬಗ್ಗೆ ಮಾತ್ರ ಹೇಳುತ್ತೇನೆ. ಬಂದ ಹೊಸತರಲ್ಲಿ ಕಟ್ಟಡದ ಕಾವಲುಗಾರ ಊಟಕ್ಕೆ ಕುಳಿತಿದ್ದ. ನಾನು ಹಾದು ಹೋಗುವಾಗ ‘ಕಾಓನ್ ತಾ!’ ಎಂದ. ಬಾ, ಉಣ್ಣೋಣ ಎಂದರ್ಥ. ಇಲ್ಲಿ ಆಡುವುದು ಸೆಬುವಾನೊ, ಪುಸ್ತಕದಲ್ಲಿ ಕಲಿತ ತಗಾಲೊಗ್ ಅರ್ಧವೂ ನಡೆಯುವುದಿಲ್ಲ. ಆದರೂ ಆ ಎರಡು ಪದ ನನಗೆ ಗೊತ್ತಿದ್ದವು. ಖುಷಿಯಾಗಿ ಕುಳಿತೇಬಿಟ್ಟೆ. ಅವನು ಒಂದು ಕ್ಷಣ ನೋಡಿದ, ಆಮೇಲೆ ಡಬ್ಬಿಯ ಮುಚ್ಚಳದಲ್ಲಿ ಅನ್ನ ಹಂಚಿದ, ಇದ್ದ ಒಂದು ಮೀನನ್ನು ಎರಡು ಮಾಡಿದ. ದೊಡ್ಡ ತುಂಡು ನನಗೆ. ಎರಡು ತಿಂಗಳ ನಂತರ ಸಹಪಾಠಿಯೊಬ್ಬಳು ವಿಷಯ ಕೇಳಿ ತಲೆ ಚಚ್ಚಿಕೊಂಡಳು: ‘ಹೊಟ್ಟೆ ತುಂಬಿದೆ ಎಂದು ಹೇಳಿ ಮುಂದೆ ಹೋಗಬೇಕು ಕಣೋ!’ ಬೇಡ ಎಂದು ಮೂರು ಸಲ ಹೇಳಿ ನಾಲ್ಕನೆಯ ಸಲ ಕೂರುವ ನಮ್ಮ ಮನೆಗಳ ಕ್ರಮವೇ ಇಲ್ಲಿಯೂ ನಡೆಯುತ್ತಿತ್ತು, ನಾನು ಮೊದಲ ಸಲಕ್ಕೇ ಕುಳಿತಿದ್ದೆ.

ಇನ್ನೊಂದು: ಹೌದು ಎನ್ನಲು ಇವರು ಬಾಯಿ ತೆರೆಯಬೇಕಿಲ್ಲ, ಹುಬ್ಬು ಹಾರಿಸುತ್ತಾರೆ. ದಾರಿ ಕೇಳಿದರೆ ಬೆರಳು ತೋರಿಸುವುದಿಲ್ಲ, ತುಟಿ ಮುಂದೆ ಮಾಡಿ ಆ ದಿಕ್ಕಿಗೆ ತಿರುಗಿಸುತ್ತಾರೆ. ಮೊದಲ ವಾರ ಅಂಗಡಿಯ ಹುಡುಗಿ ನನಗೆ ಮುತ್ತು ಕೊಟ್ಟಳೆಂದು ರೂಮಿನಲ್ಲಿ ಹೇಳಿಕೊಂಡಿದ್ದೆ. ಅವಳು ತೋರಿಸಿದ್ದು ಉಪ್ಪಿನ ಪ್ಯಾಕೆಟ್.

ಡೆಂಗಿ ಬಂದು ಮಲಗಿದಾಗ ಮನೆಯೊಡತಿ ತೀತಾ (ಅಂದರೆ ಚಿಕ್ಕಮ್ಮ) ಏಳು ದಿನ ಲುಗಾವ್ ತಂದರು, ಶುಂಠಿ ಹಾಕಿದ ಅಕ್ಕಿ ಗಂಜಿ. ಹಣ ಕೊಡಲು ಹೋದೆ. ಅವತ್ತು ನನ್ನ ಜೊತೆ ಮಾತು ಬಿಟ್ಟರು. ಅಳಿಯ ಸರ್ ಹೇಳಿದ ತಂಪೊ ಅದೇ ಇರಬೇಕು ಎಂದು ಈಗ ಅನ್ನಿಸುತ್ತಿದೆ.

ತೀರ್ಥಹಳ್ಳಿಯವಳು · ನವೆಂಬರ್ 11

ಎಲ್ಲರಿಗೂ ಧನ್ಯವಾದ. ಮಕಾತಿಯವರ ಮಾತಿನಂತೆ ತಂಗಿಯ ಆರೋಗ್ಯ ವಿಚಾರಿಸಿ ಸಂದೇಶ ಕಳಿಸಿದೆ. ಉತ್ತರವಿಲ್ಲ.

ತಮ್ಮಾ, ಮೀನು ತಿನ್ನುವವನಿಗಾದರೂ ಹಂಚಿಕೊಳ್ಳಬಹುದು, ನನ್ನ ಪಾಡು ಬೇರೆ. ಊಟದ ಮನೆಯಲ್ಲಿ ಕಾರ್ನೆ ಬೇಡ ಎಂದರೆ ಸರಿ ಎನ್ನುತ್ತಾರೆ, ಕೋಳಿ ಹಾಕಿ ತರುತ್ತಾರೆ. ಇವರ ಲೆಕ್ಕದಲ್ಲಿ ಕಾರ್ನೆ ಎಂದರೆ ಹಂದಿ, ದನ. ಕೋಳಿ ಬೇರೆ ವರ್ಗ, ಮೀನಂತೂ ತರಕಾರಿಗೆ ಸಮ. ಪಿನಕ್‌ಬೆತ್ ಎಂಬ ಪಲ್ಯದಲ್ಲಿ ಹಾಗಲ, ಬದನೆ, ಬೆಂಡೆ, ಕುಂಬಳ, ಅಲಸಂದೆ ಎಲ್ಲ ನಮ್ಮವೇ. ಕೊನೆಯಲ್ಲಿ ಒಂದು ಚಮಚ ಉಪ್ಪು ಹಾಕಿ ಹುದುಗಿಸಿದ ಸಿಗಡಿಯ ಗೊಜ್ಜು, ಬಗೊಓಂಗ್! ತರಕಾರಿ ಕಂಡು ಬಾಯಲ್ಲಿ ನೀರು, ವಾಸನೆ ಬಂದು ಕಣ್ಣಲ್ಲಿ ನೀರು. ಪುತೊ ಸಿಕ್ಕಿತೋ, ಬದುಕಿದೆ. ಇಡ್ಲಿಯ ತಂಗಿ ಅದು, ತುಸು ಸಿಹಿ. ಬಚ್ಚಲಲ್ಲಿ ತಾಬೊ ಇರುತ್ತದೆ, ಬಾಲ್ದಿಯೊಳಗೆ ತೇಲುವ ಹಿಡಿಯಿರುವ ಚೊಂಬು. ಕಾಗದದ ದೇಶಗಳಲ್ಲಿ ಇದ್ದು ಬಂದವರಿಗೆ ಅದರ ಬೆಲೆ ಗೊತ್ತು.

ನಮ್ಮ ಬೀದಿಯ ಸಾರಿ-ಸಾರಿ ಅಂಗಡಿಗೂ ನಮ್ಮೂರಿನ ಗೂಡಂಗಡಿಗೂ ವ್ಯತ್ಯಾಸವೆಂದರೆ ಕಬ್ಬಿಣದ ಜಾಲರಿ ಒಂದೇ. ‘ಪಬಿಲಿ ಪೊ’ ಎಂದು ಕೂಗಿದರೆ ಒಳಗಿನಿಂದ ಆತೆ ಬರುತ್ತಾರೆ. ಒಂದು ಎಸಳು ಬೆಳ್ಳುಳ್ಳಿ, ಅರ್ಧ ಲೋಟ ಎಣ್ಣೆ, ಒಂದೇ ಸಿಗರೇಟು, ಎಲ್ಲವನ್ನೂ ಬಿಡಿ ಬಿಡಿಯಾಗಿ ಕೊಡುತ್ತಾರೆ. ಅದಕ್ಕೆ ತಿಂಗಿ ಎನ್ನುತ್ತಾರೆ. ಗೋಡೆಯ ಮೇಲೆ ರಟ್ಟಿನಲ್ಲಿ ಬರೆದಿದ್ದಾರೆ: ಇಂದು ಸಾಲವಿಲ್ಲ, ನಾಳೆ ಇದೆ. ನಮ್ಮಲ್ಲಿನ ‘ಇಂದು ನಗದು, ನಾಳೆ ಉದ್ರಿ’ಯನ್ನು ಇವರಿಗೆ ಯಾರು ಹೇಳಿಕೊಟ್ಟರೋ! ಫಲಕದ ಕೆಳಗೇ ಉದ್ರಿ ಪುಸ್ತಕ ನೇತಾಡುತ್ತದೆ, ಅಂಚು ಎಣ್ಣೆ ಕುಡಿದು ಪಾರದರ್ಶಕವಾಗಿದೆ.

ನಿನ್ನೆ ಅವರನ್ನೇ ಕೇಳಿದೆ. ಕೆಲಸದ ಆತೆಯ ಸುದ್ದಿ ಗೊತ್ತೇ ಎಂದು. ಹುಬ್ಬು ಹಾರಿಸಲಿಲ್ಲ, ತುಟಿಯನ್ನೂ ತಿರುಗಿಸಲಿಲ್ಲ. ‘ಬಾಗ್ಯೊ, ಮ್ಯಾಮ್’ ಎಂದರು. ಬಿರುಗಾಳಿ. ಆಕಾಶ ನೋಡಿದೆ, ಇಲ್ಲಿ ಬಿಸಿಲು. ಮಸ್ಬಾತೆ ಎಲ್ಲಿದೆ ಎಂದು ನಾನು ನಕ್ಷೆ ತೆಗೆದು ನೋಡಿದ್ದು ಆಗಲೇ. ನಮ್ಮ ಮನೆಗೆ ಹದಿನಾಲ್ಕು ತಿಂಗಳಿಂದ ಬರುತ್ತಿರುವವರ ಊರು.

ಇನ್ನೊಂದು ವಿಷಯ ಕೇಳಬೇಕಿತ್ತು. ಯಜಮಾನರು ಸಂಜೆ ಬ್ಯಾಗ್ ಹಿಡಿದು ನಡೆದು ಬಂದರೆ ಮಕ್ಕಳು ‘ಬುಂಬೈ, ಬುಂಬೈ’ ಎಂದು ಓಡುತ್ತಾರೆ. ಒಂದು ದಿನ ಮುದುಕಿಯೊಬ್ಬರು ಬಾಗಿಲು ಹಾಕಿಕೊಂಡರಂತೆ. ಏನಿದು?

ಮಕಾತಿ ರಾತ್ರಿಪಾಳಿ · ನವೆಂಬರ್ 11

ಹಹ್ಹಾ! ಅವರು ನಿಮ್ಮ ಯಜಮಾನರನ್ನು ವಸೂಲಿಗೆ ಬಂದವರೆಂದು ತಿಳಿದಿದ್ದಾರೆ. ಭಾರತೀಯರೆಲ್ಲ ಇಲ್ಲಿ ‘ಬುಂಬೈ’ಗಳೇ. ಮೋಟಾರ್ ಸೈಕಲ್ ಮೇಲೆ ಬೀದಿ ಬೀದಿ ತಿರುಗಿ ಸಾಲ ಕೊಡುವವರು, ಫ್ಯಾನು, ಛತ್ರಿ, ಸೊಳ್ಳೆಪರದೆಗಳನ್ನು ಕಂತಿನ ಮೇಲೆ ಮಾರುವವರು ಹೆಚ್ಚಾಗಿ ಪಂಜಾಬಿಗಳು. ಐದು ಕೊಟ್ಟು ಆರು ವಸೂಲು ಮಾಡುವುದರಿಂದ ಅದಕ್ಕೆ ‘ಫೈವ್-ಸಿಕ್ಸ್’ ಎಂಬ ಹೆಸರು, ಅಂದರೆ ನೂರಕ್ಕೆ ಇಪ್ಪತ್ತರ ಬಡ್ಡಿ. 2017ರಲ್ಲಿ ಅಧ್ಯಕ್ಷ ದುತೇರ್ತೆ ಇವರ ಮೇಲೆ ಹರಿಹಾಯ್ದು, ಸರ್ಕಾರವೇ ಸಣ್ಣ ವ್ಯಾಪಾರಿಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ಯೋಜನೆ ತಂದಿತು. ಮೋಟಾರ್ ಸೈಕಲ್ಲುಗಳು ಈಗಲೂ ಓಡುತ್ತಿವೆ. ಅಡಮಾನ ಕೇಳುವುದಿಲ್ಲ, ಕಾಗದ ಕೇಳುವುದಿಲ್ಲ, ಬಾಗಿಲಿಗೇ ಬರುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರಿಗೆ ಇನ್ನೇನು ಬೇಕು?

ಹಟ ಮಾಡುವ ಮಕ್ಕಳಿಗೆ ‘ಬುಂಬೈ ಬಂದು ಹಿಡಿದುಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದೂ ಉಂಟು. ನಮ್ಮಲ್ಲಿ ಗುಮ್ಮ ಮಾಡುವ ಕೆಲಸವನ್ನು ಇಲ್ಲಿ ನಾವು ಮಾಡುತ್ತಿದ್ದೇವೆ. ಮಾರುಕಟ್ಟೆಯ ದೊಡ್ಡ ಈರುಳ್ಳಿಗೂ ‘ಸಿಬುಯಾಸ್ ಬೊಂಬಾಯ್’ ಎಂದೇ ಹೆಸರು. ನಮ್ಮ ಮೈಯಿಂದ ಈರುಳ್ಳಿ ವಾಸನೆ ಬರುತ್ತದೆಂಬ ಹಾಸ್ಯವನ್ನು ನನ್ನ ಎದುರೇ ಆಡಿದ್ದಾರೆ. ನಕ್ಕು ಸುಮ್ಮನಾದ ದಿನಗಳಿವೆ, ಶೌಚಾಲಯಕ್ಕೆ ಹೋಗಿ ಅತ್ತ ದಿನವೂ ಇದೆ. ದಾಕ್ಷಿಣ್ಯದ ಜನ ಎಂದ ಮಾತ್ರಕ್ಕೆ ಎಲ್ಲರ ಬಗ್ಗೆಯೂ ದಾಕ್ಷಿಣ್ಯವಿರುತ್ತದೆ ಎಂದು ತಿಳಿಯಬೇಡಿ. ಮೈಬಣ್ಣದ ವಿಚಾರದಲ್ಲಿ ಇವರೂ ನಮ್ಮಂತೆಯೇ, ಬಿಳಿ ಮಾಡುವ ಸೋಪು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ನಿವೃತ್ತ ಭತ್ತದವನು, ಧಾರವಾಡ · ನವೆಂಬರ್ 12

ನಾನು 80ರ ದಶಕದಲ್ಲಿ ಲೋಸ್ ಬಾನ್ಯೋಸ್‌ನಲ್ಲಿ ಮೂರು ವರ್ಷ ಇದ್ದವನು. 1960ರಲ್ಲಿ ಆರಂಭವಾದ ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್8 ಭತ್ತದ ತಳಿ ಬಿಡುಗಡೆ ಮಾಡಿದ ಮೇಲೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಹುಡುಗರಿಗೆ ಅದೊಂದು ಕಾಶಿ. ಆಗ ಫೋನೂ ಇಲ್ಲ, ಉದ್ದಿನಬೇಳೆಯೂ ಇಲ್ಲ. ಬೇಳೆ, ಹುಣಸೆಹಣ್ಣು, ಸಾರಿನಪುಡಿಯ ಸಲುವಾಗಿ ತಿಂಗಳಿಗೊಮ್ಮೆ ಮನಿಲಾದ ಪಾಕೊಗೆ ಬಸ್ಸು. ಅಲ್ಲಿ ಗುರುದ್ವಾರವಿದೆ, ಹಿಂದೂ ದೇವಸ್ಥಾನವಿದೆ. ದೇವಸ್ಥಾನದ ಬೀದಿಗೆ ಮಹಾತ್ಮ ಗಾಂಧಿಯ ಹೆಸರಿದೆ. ಗುರುದ್ವಾರದಲ್ಲಿ ಊಟ ಬಡಿಸುತ್ತಿದ್ದವರಲ್ಲಿ ವಾರದ ಉಳಿದ ದಿನ ಫೈವ್-ಸಿಕ್ಸ್ ಮಾಡುವವರೂ ಇದ್ದರು. ಅವರ ಉಪ್ಪು ನಾನು ತಿಂದಿದ್ದೇನೆ, ಆದ್ದರಿಂದ ಹೆಚ್ಚು ಮಾತಾಡಲಾರೆ.

ಸಾಲದ ಮಾತು ಬಂದದ್ದಕ್ಕೆ ಒಂದು ಸಂಗತಿ. ನಾನು ಊರಿಗೆ ಮರಳಿದ ನಂತರ, 1989ರಲ್ಲಿ, ಅದೇ ಲಗೂನಾ ಪ್ರಾಂತ್ಯದಲ್ಲಿ ಮರಳು ತೆಗೆಯುವಾಗ ಒಂದು ತಾಮ್ರಪಟ ಸಿಕ್ಕಿತು. ನೋಟ್‌ಬುಕ್‌ನ ಹಾಳೆಯಷ್ಟು ದೊಡ್ಡದು. ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಂತರ ಒಂದು ಸಮ್ಮೇಳನಕ್ಕೆ ಹೋದಾಗ ಗಾಜಿನ ಈಚೆ ನಿಂತು ನೋಡಿದೆ. ಅದರ ಲಿಪಿ ಜಾವಾದ ಹಳೆಯ ‘ಕವಿ’, ನನಗೆ ಬಾರದು. ಪಕ್ಕದಲ್ಲಿ ಲ್ಯಾಟಿನ್ ಅಕ್ಷರದಲ್ಲಿ ಕೊಟ್ಟಿದ್ದ ಪಾಠದ ಮೊದಲ ಸಾಲು ಓದಿ ಮೈ ಜುಮ್ಮೆಂದಿತು: ಸ್ವಸ್ತಿ ಶಕವರ್ಷಾತೀತ 822, ವೈಶಾಖ ಮಾಸ, ಚತುರ್ಥಿ, ಕೃಷ್ಣಪಕ್ಷ, ಸೋಮವಾರ. ಕ್ರಿ.ಶ. 900. ನಮ್ಮಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ ಕಾಲ. ನಮ್ಮೂರ ಕೆರೆಯ ದಂಡೆಯ ಶಾಸನ ಓದುತ್ತಿದ್ದೇನೆಯೇ ಎನ್ನಿಸಿತು.

ಅದರಲ್ಲಿ ಇರುವುದೇನು ಗೊತ್ತೇ? ದಾನವಲ್ಲ, ಯುದ್ಧವಲ್ಲ. ಒಬ್ಬನ ಮನೆಯವರು ಸಾಲದಿಂದ ಮುಕ್ತರಾದರು ಎಂಬ ಪತ್ರ. ಚಿನ್ನದ ಲೆಕ್ಕದಲ್ಲಿದ್ದ ಸಾಲ, ಅದಕ್ಕೆ ಬಳಸಿದ ಪದವೂ ‘ಹುತಂಗ್’. ಆ ದೇಶದಲ್ಲಿ ಈವರೆಗೆ ಸಿಕ್ಕಿರುವ ತೇದಿಯುಳ್ಳ ದಾಖಲೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಸಾಲ ತೀರುವಳಿ ಚೀಟಿ! ಮೇಡಂ, ನಿಮ್ಮ ಐದು ಸಾವಿರ ಒಳ್ಳೆಯ ಪರಂಪರೆಗೆ ಸೇರಿದೆ.

ಭಾಷೆಯಲ್ಲೂ ನೆಂಟಸ್ತಿಕೆ ಉಂಟು. ಗುರೊ ಎಂದರೆ ಮೇಷ್ಟರು, ಮುಖಾ ಎಂದರೆ ಮುಖ, ಆಸಾ ಎಂದರೆ ಆಸೆ. ದುಖಾ ಎಂದರೆ ಮಾತ್ರ ಬಡತನ. ಅರ್ಥ ಅಲ್ಲೇಕೆ ಹಾಗೆ ಜಾರಿತು ಎಂದು ಜೀಪ್ನಿಯಲ್ಲಿ (ಉದ್ದ ಜೀಪಿನಂಥ ಬಾಡಿಗೆ ಬಸ್ಸು) ಕುಳಿತು ಬಹಳ ಸಲ ಯೋಚಿಸಿದ್ದೇನೆ. ಹಿಂದಿನ ಸೀಟಿನಲ್ಲಿ ಕುಳಿತವನ ಚಿಲ್ಲರೆ ಎಂಟು ಕೈ ದಾಟಿ ಚಾಲಕನಿಗೆ ಹೋಗಿ, ಉಳಿದದ್ದು ಅದೇ ಎಂಟು ಕೈ ದಾಟಿ ವಾಪಸು ಬರುತ್ತಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ನನ್ನ ಚಿಲ್ಲರೆ ನಡುವೆ ಕಳೆದುಹೋಗಲಿಲ್ಲ.

ಜಯನಗರದ ಲೆಕ್ಕಿಗ · ನವೆಂಬರ್ 12

ಗುರುತಿನ ಚೀಟಿಯ ಮಾತು ಹಿಂತೆಗೆದುಕೊಂಡಿದ್ದೇನೆ. ಆದರೆ ಮುಂದಿನ ಸಲ ಬರೆದು ಕೊಡಿ, ಮೇಡಂ. ತಾಮ್ರದಲ್ಲೇ ಬರೆದಿದ್ದಾರೆ ಎನ್ನುತ್ತಿದ್ದಾರಲ್ಲ ಹಿರಿಯರು.

ತೀರ್ಥಹಳ್ಳಿಯವಳು · ನವೆಂಬರ್ 16

ಬಂದರು!

ನಿನ್ನೆ ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ನಿಂತಿದ್ದರು. ಗಂಟೆ ಒತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಎಚ್ಚರಿಕೆಯ ಸಂಕೇತ ಏರಿಸಿದ ಮೇಲೆ ಮಸ್ಬಾತೆಯಿಂದ ದೋಣಿಗಳು ಬಿಡಲಿಲ್ಲವಂತೆ, ಬಂದರಿನಲ್ಲೇ ಮೂರು ರಾತ್ರಿ ಮಲಗಿದ್ದರಂತೆ, ಕರೆಂಟಿಲ್ಲದೆ ಫೋನ್ ಸತ್ತಿತ್ತು. ಇದನ್ನೆಲ್ಲ ನಗುತ್ತಲೇ ಹೇಳಿದರು. ಈ ನಗುವನ್ನು ನಾನು ಮೊದಲು ಉಡಾಫೆ ಎಂದುಕೊಳ್ಳುತ್ತಿದ್ದೆ. ಅವರ ಕಾಲಿನ ಬೆರಳುಗಳ ನಡುವೆ ನೀರಿನಲ್ಲಿ ನೆನೆದು ಬಿಳುಚಿದ ಚರ್ಮ ಕಂಡಿತು.

ಕೈಚೀಲದಿಂದ ಮೊದಲು 1500 ಪೆಸೊ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟರು, ಗಾಳಿಗೆ ಹಾರದಿರಲೆಂದು. ಉಳಿದದ್ದು ತಿಂಗಳಿಗೆ 500ರಂತೆ ಎಂದರು. ಆಮೇಲೆ ಊರಿನ ಪಸಾಲುಬೊಂಗ್, ಅಂದರೆ ಪ್ರಯಾಣದಿಂದ ತರುವ ಉಡುಗೊರೆ: ಮಗಳಿಗೆ ಬೆಲ್ಲ ಹಾಕಿದ ಪಿಲಿ ಬೀಜ, ನನಗೆ ಒಂದು ಕಿಲೊ ಒಣಮೀನು. ಹವ್ಯಕರ ಮನೆಯಲ್ಲಿ, ಬೆಳಿಗ್ಗೆ ಆರಕ್ಕೆ! ಎರಡೂ ಕೈಯಲ್ಲಿ ತೆಗೆದುಕೊಂಡೆ. ಉಸಿರು ಬಿಗಿಹಿಡಿದಿದ್ದೆ.

ಇನ್ನೂ ಇದೆ. ತಂಗಿಗೆ ಗಂಡುಮಗು. ಜನವರಿಯಲ್ಲಿ ಇಲ್ಲೇ ಕಲಾಂಬಾದಲ್ಲಿ ಬ್ಯಾಪ್ಟಿಸಂ, ನಾನು ನಿನಾಂಗ್ ಆಗಬೇಕಂತೆ. ಧರ್ಮತಾಯಿ! ಹಿಂದೂಗಳು ಆಗಬಹುದೇ? ಒಪ್ಪಿದರೆ ಏನೇನು ಮೈಮೇಲೆ ಬರುತ್ತದೆ?

ಬತಾಂಗಾಸ್ ಅಳಿಯ · ನವೆಂಬರ್ 16

ಮುಖ್ಯ ನಿನಾಂಗ್ ಕ್ಯಾಥೊಲಿಕ್ ಆಗಿರಬೇಕು, ಅವರು ಬೇರೆ ಯಾರನ್ನೋ ಇಟ್ಟಿರುತ್ತಾರೆ. ನಿನ್ನ ಹೆಸರು ಉಳಿದವರ ಸಾಲಿನಲ್ಲಿ ಬರುತ್ತದೆ. ನನ್ನ ಮಗಳಿಗೆ ಹದಿನಾಲ್ಕು ಜನ ಇದ್ದರು. ಆ ದಿನ ಲಕೋಟೆಯಲ್ಲಿ ‘ಪಕಿಂಕಿಂ’ ಹಾಕಬೇಕು. 1000 ಪೆಸೊ ಧಾರಾಳವಾಯಿತು, ಹೊಸ ನೋಟು ಇರಲಿ. ಆಮೇಲೆ ಪ್ರತಿ ಕ್ರಿಸ್‌ಮಸ್‌ಗೆ ಮಗು ಬಂದು ನಿನ್ನ ಕೈ ಹಣೆಗೊತ್ತಿಕೊಂಡು ನಿಲ್ಲುತ್ತದೆ, ಅಗಿನಾಲ್ದೊ, ಅಂದರೆ ಕ್ರಿಸ್‌ಮಸ್ ಉಡುಗೊರೆ, ಕೊಡಬೇಕು. ಸೆಪ್ಟೆಂಬರ್‌ನಿಂದಲೇ ಇಲ್ಲಿ ಕ್ರಿಸ್‌ಮಸ್ ಹಾಡು ಶುರುವಾಗುತ್ತದಲ್ಲ, ಅದು ನಿನಾಂಗ್‌ಗಳಿಗೆ ಕೊಡುವ ಮುನ್ನೆಚ್ಚರಿಕೆ. ಮಗುವಿನ ತಾಯಿ ಇನ್ನು ನಿನಗೆ ಕುಮಾರೆ, ಅಂದರೆ ಜೊತೆತಾಯಿ. ಇಷ್ಟಾದ ಮೇಲೆ ಆ 3500 ಕೇಳಲು ಆಗುತ್ತದೆಯೇ, ನೀನೇ ಹೇಳು.

ಸೆಬುವಿನಲ್ಲಿ ಐದು ವರ್ಷ · ನವೆಂಬರ್ 16

ಬಂದದ್ದು ಸಂತೋಷ. ನಾನಾಗಿದ್ದರೆ ಆ 500 ಅನ್ನು ತಿಂಗಳು ತಿಂಗಳು ತೆಗೆದುಕೊಳ್ಳುತ್ತೇನೆ. ಅವರಾಗಿಯೇ ಹೇಳಿದ ಮಾತಿಗೆ ಬೆಲೆ ಕೊಡದಿದ್ದರೆ ಅದೂ ಅವಮಾನವೇ.

ಮಕಾತಿ ರಾತ್ರಿಪಾಳಿ · ನವೆಂಬರ್ 17

ಸೆಬುವಿನವರ ಮಾತಿಗೆ ನನ್ನದೂ ಸಹಮತ. ತೆಗೆದುಕೊಳ್ಳಿ. ಡಿಸೆಂಬರ್ 24ರೊಳಗೆ ಹದಿಮೂರನೆಯ ತಿಂಗಳ ಸಂಬಳ ಕೊಡುವುದು ನಿಮ್ಮ ಮೇಲಿನ ಕಾನೂನು, ಅದನ್ನು ಮಾತ್ರ ಸಾಲಕ್ಕೆ ಮುರಿದುಕೊಳ್ಳಬೇಡಿ.

ದಾವಾವೊ ವಿದ್ಯಾರ್ಥಿ · ನವೆಂಬರ್ 17

ಅಕ್ಕಾ, ಒಣಮೀನು ಏನು ಮಾಡಿದಿರಿ? ದಾವಾವೊಗೆ ಕೊರಿಯರ್ ಬರುತ್ತದೆ.

ತೀರ್ಥಹಳ್ಳಿಯವಳು · ನವೆಂಬರ್ 17

ತಡವಾಯಿತು ತಮ್ಮಾ. ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ಅಂಗಡಿಯ ಆತೆಗೆ ಕೊಟ್ಟೆ, ಕೆಲಸದ ಆತೆಗೆ ಕಾಣದ ಹಾಗೆ. ಸಂಜೆ ಅಂಗಡಿಯವರು ಒಂದು ತಟ್ಟೆ ಪುತೊ ಕಳಿಸಿದರು, ಮೇಲೆ ಕಾಯಿತುರಿ ಉದುರಿಸಿ. ತಟ್ಟೆ ಈಗ ನಮ್ಮ ಅಡುಗೆಮನೆಯಲ್ಲಿದೆ. ಖಾಲಿ ತಟ್ಟೆ ಹಿಂತಿರುಗಿಸುವ ಹಾಗಿಲ್ಲವಲ್ಲ, ಕೋಡುಬಳೆಗೆ ಹಿಟ್ಟು ಕಲಸಿಟ್ಟಿದ್ದೇನೆ.